ಭಟ್ಟಿ ಆರಿದ ದಿನದ ಉಸಿರು

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಕೊಟ್ಟೂರಿನಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡವರು ಮೆಲ್ಲಗೆ ಮಾತಾಡಿದರೆ ಕೇಳುವವರು ಯಾರು? ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಚಟಪಟ ಅಂತ ಶುರುವಾದ ಸದ್ದು ಬೆಂಕಿ ಆರಿಸುವ ತನಕ ನಿಲ್ಲುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಯವರಿಗೆ ಕೇಳಲಿ ಅಂತ "ಉಪ್ಪು ಮುಗಿದೈತ್ರೀ" ಎಂದು ಕೂಗಿದ್ದೆ. ಎದುರು ಮನೆಯಾಕೆ ಬಟ್ಟಲಲ್ಲಿ ಉಪ್ಪು ಹಿಡಿದುಕೊಂಡು ಬಂದಳು. ಪಕ್ಕದಲ್ಲೇ ನಿಂತಿದ್ದ ಗಂಡನಿಗೆ ಮಾತ್ರ ಕೇಳಿಸಿರಲಿಲ್ಲ. ಹುಟ್ಟಿದಾಗಿನಿಂದ ಭಟ್ಟಿಯ ಹತ್ತಿರ ಬೆಳೆದವರಿಗೆ ಕಿವಿ ಅಷ್ಟಕ್ಕಷ್ಟೆ.

ನನ್ನ ತಂಗಿಯೂ ಇದೇ ಮನೆಯ ಸೊಸೆ. ಕೋಗಳಿಯ ಒಂದೇ ಮನೆಯಿಂದ ಇಬ್ಬರನ್ನೂ ತಂದು ಅಣ್ಣತಮ್ಮಂದಿರಿಗೆ ಕೊಟ್ಟರು. ಹೀಗಾಗಿ ತಂಗಿಯೇ ನನಗೆ ವಾರಗಿತ್ತಿ. ಜಗಳ ಆಡಿದರೆ ತವರಿಗೆ ಹೋಗಿ ದೂರು ಹೇಳುವ ಸುಖವೂ ನಮಗಿಲ್ಲ. ನನ್ನ ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳದು ನಗುವ ಬಾಯಿ. ನಾನು ಬೈದು ಕಳಿಸಿದ ಗಿರಾಕಿಯನ್ನು ಅವಳು ಬೀದಿಯ ತನಕ ಹೋಗಿ ನಗಿಸಿ ವಾಪಸು ಕರೆತರುತ್ತಿದ್ದಳು. ಹಡಗಲಿಯಿಂದ ಬರುವ ಒಬ್ಬ ವ್ಯಾಪಾರಿ ನಾಕು ಕಾಳು ಮಂಡಕ್ಕಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ದೇವರ ಧ್ಯಾನಕ್ಕೆ ಕೂತವನ ಹಾಗೆ ರುಚಿ ನೋಡುತ್ತಿದ್ದ. ಅವನು ಅತ್ತ ಹೋದ ಮೇಲೆ ತಂಗಿ ಅದನ್ನು ಮಾಡಿ ತೋರಿಸುತ್ತಿದ್ದಳು. ಹುರಿಯುವ ಹೆಂಗಸರು ಜರಡಿ ಕೆಳಗಿಟ್ಟು ನಗುತ್ತಿದ್ದರು. "ಅಕ್ಕಿ ಸೀಯ್ತೈತಿ, ನಗೂದು ಆಮ್ಯಾಲಿಟ್ಕೊಳ್ರೇ" ಅಂತ ನಾನು ಕಿರುಚಬೇಕಾಗುತ್ತಿತ್ತು.

ಅವಳ ಉಸಿರು ಯಾವಾಗ ಕೆಟ್ಟಿತು ಅಂತ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಅಟ್ಟದ ಮೆಟ್ಟಿಲು ಹತ್ತಿ ಬಂದು ಕಂಬ ಹಿಡಿದುಕೊಳ್ಳುತ್ತಿದ್ದಳು. ಒಂದು ಮಾತು ಆಡಿ, ನಿಂತು, ಉಸಿರು ಎಳೆದುಕೊಂಡು, ಉಳಿದ ಮಾತು ಆಡುತ್ತಿದ್ದಳು. ಎಳೆದುಕೊಳ್ಳುವಾಗ ಒಂದು ಸದ್ದು ಬರುತ್ತಿತ್ತು. ಎಳನೀರು ಮುಗಿದ ಮೇಲೂ ಕೊಳವೆ ಬಾಯಲ್ಲಿಟ್ಟು ಎಳೆಯುತ್ತಾರಲ್ಲ, ಅಂಥದ್ದು. ಭಟ್ಟಿ ಉರಿಯುವಾಗ ಅದು ಕೇಳುತ್ತಿರಲಿಲ್ಲ. ಊಟಕ್ಕೆ ಕೂತಾಗ ಕೇಳುತ್ತಿತ್ತು.

ಕೇಳಿದರೇನು, ಅದರ ಹೆಸರು ನಮಗೆ ಮೊದಲೇ ಗೊತ್ತಿತ್ತಲ್ಲ! ನಮ್ಮ ಅತ್ತೆ ದಮ್ಮಿನಿಂದಲೇ ತೀರಿಕೊಂಡಿದ್ದರು. ಅವರ ಅತ್ತೆಗೂ ದಮ್ಮು ಇತ್ತಂತೆ. ಭಟ್ಟಿ ಇರುವ ಮನೆಯಲ್ಲಿ ಒಬ್ಬರಿಗಾದರೂ ದಮ್ಮು ಇರಲೇಬೇಕು ಅನ್ನುವುದು ನಮ್ಮ ಓಣಿಯ ಲೆಕ್ಕ. ತಂಗಿಯೇ ನಕ್ಕಳು. "ಅತ್ತಿ ಪಾಟ್ಲಿ ನಿನಗ ಬಂದ್ವು, ಅತ್ತಿ ದಮ್ಮು ನನಗ ಬಂತು ನೋಡಕ್ಕಾ. ಬದಲಿ ಮಾಡ್ಕೊಳ್ಳೂಣೇನು?" ಅಂದಳು. ಕೈಯಲ್ಲಿದ್ದ ಪಾಟ್ಲಿ ಬಳೆ ತೆಗೆದು ಅವಳ ಮಡಿಲಿಗೆ ಎಸೆದೆ. ಅವಳು ಇನ್ನೂ ನಕ್ಕಳು, ನಗುವ ಭರದಲ್ಲಿ ಉಸಿರು ಸಿಕ್ಕಿಕೊಂಡು ಕಣ್ಣು ಮೇಲಾದವು. ನೀರು ಕುಡಿಸಿದೆವು.

ಹಗರಿಬೊಮ್ಮನಹಳ್ಳಿಯ ಒಬ್ಬ ಡಾಕ್ಟರಿಗೆ ತೋರಿಸಿದೆವು. ಬೆನ್ನಿಗೆ ಕೊಳವೆ ಇಟ್ಟು ನೋಡಿದರು. "ಏನು ಕೆಲಸ ಮಾಡ್ತೀರಿ?" ಅಂದರು. ಮಂಡಕ್ಕಿ ಭಟ್ಟಿ ಅಂದೆವು. "ಮತ್ತಿನ್ನೇನು ಕೇಳ್ತೀರಿ ತಾಯಿ" ಅಂತ ಚೀಟಿ ಬರೆದೇ ಬಿಟ್ಟರು. ಬಾಯಿಗೆ ಇಟ್ಟು ಒತ್ತುವ ಪಂಪು ಕೊಟ್ಟರು. ಎದೆಯ ಎಕ್ಸ್‌ರೇ ತೆಗೆಸಿದರು. ಎದೆ ಸ್ವಚ್ಛ ಇದೆ ಅಂದಾಗ ಖುಷಿಯಾಗಿ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಮಿರ್ಚಿ ಭಜಿ ತಿಂದೆವು. ಎದೆ ಅಷ್ಟು ಸ್ವಚ್ಛ ಇದ್ದರೆ ಸದ್ದು ಎಲ್ಲಿಂದ ಬರುತ್ತದೆ ಅಂತ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಲಿಲ್ಲ. ಪಂಪಿನಿಂದ ಏನೂ ಆಗಲಿಲ್ಲ. ಕೂಡ್ಲಿಗಿ ಕಡೆಯ ಒಂದು ಹಳ್ಳಿಯಲ್ಲಿ ದಮ್ಮಿಗೆ ಬೇರು ಅರೆದು ಕೊಡುತ್ತಾರೆ ಅಂದರು. ಬರೀ ಹೊಟ್ಟೆಯಲ್ಲಿ ಅದನ್ನೂ ಕುಡಿಸಿದೆವು. ಮೊಸರು ಬಿಡಿಸಿದೆವು, ಬಾಳೆಹಣ್ಣು ಬಿಡಿಸಿದೆವು. ಅವಳು ಬೇಕು ಅಂದದ್ದನ್ನೆಲ್ಲ ಬಿಡಿಸಿ ನಾವು ದೊಡ್ಡ ಆರೈಕೆ ಮಾಡುತ್ತಿದ್ದೇವೆ ಅಂದುಕೊಂಡೆವು.

ಕೊನೆಗೆ ಅಣ್ಣತಮ್ಮಂದಿರು ಕೂತು ಮಾತಾಡಿ ಭಟ್ಟಿಯನ್ನೇ ಆರಿಸಿದರು. ಮೂರು ತಲೆಮಾರಿನ ಒಲೆ. ಮರಳು ತೆಗೆದು ಹಿತ್ತಲಿಗೆ ಸುರಿದರು, ಬಾಣಲೆ ಬೋರಲು ಹಾಕಿದರು. ಹುರಿಯುವ ಹೆಂಗಸರು ಬೇರೆ ಭಟ್ಟಿಗಳಿಗೆ ಹೋದರು. ದಾವಣಗೆರೆಯಿಂದ ಮಂಡಕ್ಕಿ ಚೀಲ ತರಿಸಿ ಮಾರುವುದು ಶುರುವಾಯಿತು. ಹಡಗಲಿಯ ವ್ಯಾಪಾರಿ ಕಣ್ಣು ಮುಚ್ಚಿ ರುಚಿ ನೋಡಿ, ಕಣ್ಣು ತೆರೆದು, "ಇದು ನಿಮ್ಮದಲ್ಲ" ಅಂತ ಎದ್ದು ಹೋದ. ಅವತ್ತು ತಂಗಿ ಅವನನ್ನು ಅಣಕಿಸಲಿಲ್ಲ. "ನನ್ನ ಸಲುವಾಗಿ ಒಲಿ ಆರಿತಲ್ಲಕ್ಕಾ" ಅಂತ ಬೋರಲು ಬಾಣಲೆಯ ಮೇಲೆ ಕೂತು ಅತ್ತಳು. ಅಳುವುದಕ್ಕೂ ಉಸಿರು ಬೇಕಲ್ಲ, ಅದೂ ಅವಳಿಗೆ ಪೂರ್ತಿ ಆಗಲಿಲ್ಲ.

ಹೊಗೆ ನಿಂತಿತು, ಸದ್ದು ಹೆಚ್ಚಾಯಿತು. ಈಗ ಭಟ್ಟಿಯ ಗದ್ದಲವೂ ಇಲ್ಲ, ಮನೆ ತುಂಬ ಅದೊಂದೇ ಸದ್ದು. ಬಂದವರೆಲ್ಲ ಸಮಾಧಾನ ಹೇಳಿದರು. "ಇಷ್ಟು ವರ್ಷ ಒಳಗ ಕುಂತ ಹೊಗಿ, ಹೊರಗ ಬರಾಕ ಟೈಮ್ ಹಿಡೀತೈತಿ ತಗೀರಿ." ಅದನ್ನೂ ನಂಬಿದೆವು. ಬಚ್ಚಲ ಮನೆಯಲ್ಲಿದ್ದಾಳೋ, ಅಟ್ಟದಲ್ಲಿದ್ದಾಳೋ, ಹಿತ್ತಲಲ್ಲಿದ್ದಾಳೋ ಅಂತ ಸದ್ದಿನಿಂದಲೇ ಹೇಳುತ್ತಿದ್ದೆ. ಲಿಂಗಪೂಜೆಗೆ ಕೂತಾಗಲೂ ನನ್ನದು ಒಂದೇ ಬೇಡಿಕೆ. ಆ ಸದ್ದು ನಿಲ್ಲಿಸಪ್ಪಾ, ಇನ್ನೇನೂ ಬೇಡ.

ರೋಗ ಸಿಕ್ಕಿದ್ದು ಅವಳ ಸಲುವಾಗಿ ಹೋದಾಗ ಅಲ್ಲ. ನಮ್ಮ ಮನೆಯವರ ಕಿವಿ ಪೂರಾ ಮಂದವಾಗಿತ್ತು. ಹರಪನಹಳ್ಳಿಯಲ್ಲಿ ಕಿವಿ, ಮೂಗು, ಗಂಟಲಿನ ಶಿಬಿರ ಇದೆ, ದಾವಣಗೆರೆಯಿಂದ ಡಾಕ್ಟರುಗಳು ಬರುತ್ತಾರೆ ಅಂತ ಯಾರೋ ಹೇಳಿದರು. ಇವರನ್ನು ಕರೆದುಕೊಂಡು ಹೊರಟೆ. ಮನೆಯಲ್ಲಿ ಕೂತು ಬೇಸರವಾಗಿದೆ ಅಂತ ತಂಗಿಯೂ ಹತ್ತಿದಳು. ಶಾಲೆಯ ಕೋಣೆಯೊಂದಕ್ಕೆ ಪರದೆ ಕಟ್ಟಿದ್ದರು. ಒಳಗೆ ಇವರು, ಹೊರಗೆ ಬೆಂಚಿನ ಮೇಲೆ ನಾವಿಬ್ಬರು. ಮಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ ಇವರ ಕಿವಿಗೆ ಬ್ಯಾಟರಿ ಬಿಡುತ್ತಿದ್ದವಳು ತಟ್ಟನೆ ಪರದೆ ಸರಿಸಿ ಹೊರಗೆ ಬಂದಳು.

"ಹೀಗೆ ಉಸಿರಾಡ್ತಿರೋದು ಯಾರು?" ಅಂದಳು.

"ಆಕಿಗೆ ದಮ್ಮು ಐತ್ರಿ. ನೀವು ಇವರ ಕಿವಿ ನೋಡ್ರಿ" ಅಂದೆ ನಾನು.

ಆ ಹುಡುಗಿ ನನ್ನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ತಂಗಿಯ ಎದುರು ಮಂಡಿಯೂರಿ ಕೂತಳು. "ಬಾಯಿ ತೆಗೆದು ಉಸಿರು ಎಳೀರಿ. ಈಗ ಬಿಡ್ರಿ. ಇನ್ನೊಮ್ಮೆ." ಕೊಳವೆಯನ್ನು ಎದೆಗೆ ಇಟ್ಟಳು, ಬೆನ್ನಿಗೆ ಇಟ್ಟಳು. ಆಮೇಲೆ ಯಾರೂ ಇಡದ ಕಡೆ, ಕುತ್ತಿಗೆಗೆ ಇಟ್ಟಳು. ನನ್ನ ಮುಖದಲ್ಲಿ ಏನು ಕಂಡಳೋ, ತನ್ನ ಕಿವಿಯಿಂದ ತೆಗೆದು ನನ್ನ ಕಿವಿಗೆ ಸಿಕ್ಕಿಸಿದಳು. ಅಯ್ಯೋ ನನ್ನ ಶಿವನೇ! ಎದೆಗೆ ಇಟ್ಟಾಗ ಎಲ್ಲೋ ದೂರದಲ್ಲಿ ಕೇಳಿದ ಸದ್ದು ಕುತ್ತಿಗೆಗೆ ಇಟ್ಟಾಗ ಕಿವಿ ಹರಿಯುವ ಹಾಗೆ ಕೇಳಿತು. ಉಸಿರು ಒಳಗೆ ಹೋಗುವಾಗ ಜೋರು, ಹೊರಗೆ ಬರುವಾಗ ಕಡಿಮೆ. "ದಮ್ಮು ಇದ್ದವರಿಗೆ ಹೆಚ್ಚಾಗಿ ಬಿಡೋವಾಗ ಸದ್ದು ಬರುತ್ತೆ ಅಮ್ಮಾ. ಇವರಿಗೆ ಎಳೆಯೋವಾಗ. ತೊಂದರೆ ಎದೇಲಿಲ್ಲ, ಇಲ್ಲಿದೆ" ಅಂತ ಅವಳು ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು. ನಾಳೆಯೇ ದಾವಣಗೆರೆಗೆ ಬರಬೇಕು ಅಂದಳು. ಒಳಗಿನಿಂದ ಇವರು "ಯಾರು ಏನಂದ್ರು?" ಅಂತ ಕೂಗುತ್ತಿದ್ದರು.

ದಾವಣಗೆರೆಯ ಆಸ್ಪತ್ರೆಯಲ್ಲಿ ಮೂಗಿನಿಂದ ಒಂದು ಸಣ್ಣ ನಳಿಗೆ ಇಳಿಬಿಟ್ಟರು. ಅದರ ತುದಿಯಲ್ಲಿ ಕ್ಯಾಮೆರಾ. ಟಿವಿಯಲ್ಲಿ ನನ್ನ ತಂಗಿಯ ಗಂಟಲು ಕಂಡಿತು. ಮಾತಾಡುವ ಎರಡು ಬಿಳಿಯ ಪಟ್ಟಿಗಳು ತೆರೆದುಕೊಂಡವು. ಅದರ ಕೆಳಗೆ ಉಸಿರಿನ ದಾರಿ ಇರಬೇಕಾದ ಕಡೆ ಕೆಂಪಗೆ ದಪ್ಪಗೆ ಮಾಂಸ ಸುತ್ತಿಕೊಂಡಿತ್ತು. ನಡುವೆ ಜೋಳದ ಕಾಳಿನಷ್ಟು ತೂತು. ಅಷ್ಟರಿಂದಲೇ ಅವಳು ಮೆಟ್ಟಿಲು ಹತ್ತಿದ್ದಳು, ಚೀಲ ಎತ್ತಿದ್ದಳು, ನಕ್ಕಿದ್ದಳು.

ಆಮೇಲೆ ಸ್ಕ್ಯಾನು, ರಕ್ತದ ಪರೀಕ್ಷೆ. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ ಅಂದರು. ಯಾವತ್ತಾದರೂ ಗಂಟಲಿಗೆ ಪೈಪು ಹಾಕಿದ್ದರಾ, ಕುತ್ತಿಗೆಗೆ ಪೆಟ್ಟು ಬಿದ್ದಿತ್ತಾ ಅಂತ ಕೇಳಿದರು. ಯಾವುದೂ ಇಲ್ಲ.

"ಹಂಗಾರೆ ಹೊಗಿ ಅಲ್ಲೇನ್ರಿ?" ಮೈದುನ, ತಂಗಿಯ ಗಂಡ, ಕೇಳಿದ.

"ಅಲ್ಲ. ಬಹಳ ಅಪರೂಪದ ತೊಂದರೆ ಇದು. ಹೆಚ್ಚುಕಡಿಮೆ ಹೆಂಗಸರಿಗೇ ಬರೋದು, ಇದೇ ನಡುವಯಸ್ಸಿನಲ್ಲಿ. ಯಾಕೆ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ" ಅಂದರು ದೊಡ್ಡ ಡಾಕ್ಟರು.

ಮೈದುನ ನನ್ನ ಕಡೆ ನೋಡಿದ. ಇಬ್ಬರಿಗೂ ಆರಿಸಿದ ಒಲೆ ಕಣ್ಣ ಮುಂದೆ ಬಂತು. ಹೊಗೆ ಕಾರಣ ಅಂದುಕೊಂಡಿದ್ದಾಗ ಹೊಗೆಯನ್ನಾದರೂ ಬೈಯಬಹುದಿತ್ತು. ಈಗ ಯಾರನ್ನು ಬೈಯಲಿ? ನನ್ನಂಥವಳಿಗೆ ಬೈಯಲು ಯಾರೂ ಸಿಗದಿದ್ದರೆ ಕೈಕಾಲು ಆಡುವುದಿಲ್ಲ. ಡಾಕ್ಟರಿಗೇ ಬೈದೆ. "ಇಷ್ಟು ಓದೀರಿ, ಯಾಕ ಬರ್ತೈತಿ ಅನ್ನೋದು ಗೊತ್ತಿಲ್ಲಂದ್ರ ಹೆಂಗ್ರಿ?" ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹೌದಮ್ಮ, ಗೊತ್ತಿಲ್ಲ" ಅಂತ ಮತ್ತೊಮ್ಮೆ ಹೇಳಿದರು. ಅದು ಇನ್ನೂ ಕಷ್ಟವಾಯಿತು.

ಹೊರಗೆ ಕೊಯ್ಯದೆ ಬಾಯಿಯ ಮೂಲಕವೇ ಮಾಡುತ್ತೇವೆ ಅಂದರು. ಕಟ್ಟಿಕೊಂಡ ಮಾಂಸವನ್ನು ಲೇಸರಿನಿಂದ ಅಲ್ಲಲ್ಲಿ ಕತ್ತರಿಸಿ, ಬಲೂನು ಇಳಿಸಿ ಉಬ್ಬಿಸಿ, ದಾರಿ ಅಗಲ ಮಾಡಿ, ಮತ್ತೆ ಬೆಳೆಯದ ಹಾಗೆ ಇಂಜೆಕ್ಷನ್ ಕೊಡುತ್ತಾರಂತೆ. ನಡುವೆ ದಾರಿ ಮುಚ್ಚಿಕೊಂಡರೆ ಕುತ್ತಿಗೆಗೆ ತೂತು ಮಾಡಬೇಕಾಗಬಹುದು ಅಂತಲೂ ಹೇಳಿದರು. ಕುತ್ತಿಗೆಗೆ ತೂತು ಅಂದಾಗ ತಂಗಿ ಸೆರಗು ಎಳೆದು ಕುತ್ತಿಗೆ ಮುಚ್ಚಿಕೊಂಡಳು. ಒಳಗೆ ಹೋಗುವ ಮುಂಚೆ ತಾಳಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಕೊರಳಲ್ಲಿದ್ದ ಲಿಂಗ ಮಾತ್ರ ಮೈಮೇಲಿಂದ ತೆಗೆಯುವುದಿಲ್ಲ ಅಂತ ಹಟ ಹಿಡಿದಳು. ನರ್ಸಮ್ಮನೇ ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿದಳು. ಬಾಗಿಲು ಮುಚ್ಚಿತು. ನಾನು, ಇವರು, ಮೈದುನ ಮೂವರೂ ಕೂತೆವು. ಇವರು ಸುಮ್ಮಸುಮ್ಮನೆ ಕೈಗೆ ಅಂಟಿದ ಮರಳು ಕೊಡವುವವರ ಹಾಗೆ ಅಂಗೈ ಉಜ್ಜುತ್ತಿದ್ದರು. ಮಾಡಲು ಏನೂ ಇಲ್ಲ ಅನ್ನುವುದು ಎಂಥ ಕೆಟ್ಟ ಕೆಲಸ!

ಅವಳನ್ನು ಹೊರಗೆ ತಂದಾಗ ಪಕ್ಕ ಬಗ್ಗಿ ಕಿವಿ ಇಟ್ಟೆ. ಸದ್ದಿಲ್ಲ. ಏನೂ ಇಲ್ಲ. ಬದುಕಿದ್ದಾಳೋ ಇಲ್ಲವೋ ಅಂತ ಹೆದರಿ ಮೂಗಿನ ಹತ್ತಿರ ಕೈ ಹಿಡಿದೆ. ಬಿಸಿ ಉಸಿರು ತಗುಲಿತು. ಎಚ್ಚರಾದ ಮೇಲೆ ಮಾತಾಡಬಾರದು ಅಂದಿದ್ದರು. ಅವಳು ನನ್ನನ್ನು ನೋಡಿ, ಬಾಯಿಗೆ ಏನೋ ಹಾಕಿಕೊಂಡವಳ ಹಾಗೆ ಮಾಡಿ, ಕಣ್ಣು ಮುಚ್ಚಿ ಮಲಗಿದಲ್ಲೇ ಧ್ಯಾನ ಮಾಡಿದಳು. ಹಡಗಲಿಯ ವ್ಯಾಪಾರಿ! ಆಸ್ಪತ್ರೆ ಅಂತಲೂ ನೋಡದೆ ನಾನು ಗೊಳೋ ಅಂತ ಅತ್ತೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ನನ್ನನ್ನು ಬೇರೆ ಕರೆದು ಹೇಳಿದಳು. "ಇದು ಮತ್ತೆ ಬರಬಹುದು ಅಮ್ಮಾ. ಬೇಗ ಬರಬಹುದು, ತಡವಾಗಿ ಬರಬಹುದು. ಎಳೆಯೋವಾಗ ಸದ್ದು ಕೇಳಿದ ದಿನವೇ ಹೊರಟು ಬನ್ನಿ. ನಾಳೆ ನಾಡಿದ್ದು ಅನ್ನಬೇಡಿ. ನಿಮಗೆ ಆ ಸದ್ದು ಗೊತ್ತಲ್ಲ?" ಗೊತ್ತು ಅಂದೆ.

ಊರಿಗೆ ಬಂದು ಮೊದಲು ಮಾಡಿದ ಕೆಲಸ ಭಟ್ಟಿ ಹೊತ್ತಿಸಿದ್ದು. ಹಿತ್ತಲ ಮರಳು ಜರಡಿ ಹಿಡಿದು ತಂದೆವು, ಬಾಣಲೆ ಉಜ್ಜಿದೆವು. ಹೋದ ಹೆಂಗಸರಲ್ಲಿ ಅರ್ಧ ಜನ ವಾಪಸು ಬಂದರು. ಮೊದಲ ಮಂಡಕ್ಕಿ ಚಟಪಟ ಅಂದಾಗ ನಮ್ಮ ಮನೆಯವರು ಚಪ್ಪಾಳೆ ತಟ್ಟಿದರು. ಎಷ್ಟೋ ದಿನ ಹಾಗೇ ಹೋಯಿತು. ತಂಗಿ ಒಲೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಅಲ್ಲೇ ಚೀಲ ತುಂಬುವುದು, ಅಲ್ಲೇ ಊಟ. "ಅಲ್ಲಿಂದ ಏಳಲೇ, ಸುಟ್ಟು ಕರ್ರಗಾಗ್ತಿ" ಅಂದರೆ ನಕ್ಕು ತಲೆ ಆಡಿಸುತ್ತಿದ್ದಳು. ಒಲೆಯ ಮೇಲಿನ ಪ್ರೀತಿ ಅಂದುಕೊಂಡೆ. ಮೈದುನನಿಗೆ ಸದಾ ನೆಗಡಿ. "ನಿಮ್ಮ ತಂಗಿ ಚಳಿಗಾಲದಾಗೂ ಫ್ಯಾನು ಜೋರಾಗಿ ಹಚ್ಚಿ ಮಲಗ್ತಾಳ್ರಿ ಅತ್ತಿಗಿ" ಅಂತ ದೂರು ಹೇಳಿದ. "ಗಂಡಸಾಗಿ ಫ್ಯಾನಿಗೆ ಹೆದರ್ತೀಯಲ್ಲೋ" ಅಂತ ಅವನನ್ನೇ ಅಣಕಿಸಿದೆ.

ಅಮಾವಾಸ್ಯೆಗೆ ನಾವು ಭಟ್ಟಿಗೆ ಬೆಂಕಿ ಹಾಕುವುದಿಲ್ಲ. ಬೂದಿ ತೆಗೆದು, ಒಲೆಗೆ ಸುಣ್ಣ ಬಳಿದು, ವಿಭೂತಿ ಹಚ್ಚಿ ಕಾಯಿ ಒಡೆಯುತ್ತೇವೆ. ಹಿಂದಿನ ಅಮಾವಾಸ್ಯೆಗಳಲ್ಲಿ ತಂಗಿ ಏನಾದರೊಂದು ನೆವ ತೆಗೆದು ತವರಿಗೆ ಹೋಗಿಬಿಡುತ್ತಿದ್ದಳು. ಆ ಸಲ ಕೆಲಸದವರು ಬರಲಿಲ್ಲ. ಚೀಲ ಹಿಡಿದು ಹೊರಟವಳನ್ನು ತಡೆದು, "ಎಲ್ಲಿಗೂ ಹೋಗಬ್ಯಾಡ, ಸುಣ್ಣ ಯಾರು ಬಳೀತಾರ?" ಅಂತ ಕೈಗೆ ಕುಂಚ ಕೊಟ್ಟೆ. ಒಲೆಯ ಆ ಕಡೆ ಅವಳು, ಈ ಕಡೆ ನಾನು. ಮನೆಯಲ್ಲಿ ಇನ್ನಾರೂ ಇರಲಿಲ್ಲ. ಕುಂಚದ ಸರ್ ಸರ್ ಸದ್ದು. ನಾನು ಸುಣ್ಣದ ಬಕೆಟ್ಟಿಗೆ ನೀರು ಹಾಕಲು ಕುಂಚ ನಿಲ್ಲಿಸಿದೆ. ಒಲೆಯ ಆ ಕಡೆಯಿಂದ ಕೇಳಿತು.

ಸುತ್ತಿ ಹೋಗಿ ಎದುರು ನಿಂತೆ. ಅವಳು ಉಸಿರು ಬಿಗಿಹಿಡಿದು ಕೂತಿದ್ದಳು. ಎಷ್ಟು ಹೊತ್ತು ಹಿಡಿಯುತ್ತಾಳೆ? ಎಳೆದಳು. ಅದೇ ಸದ್ದು.

"ಯಾವಾಗಿಂದಲೇ?" ಅಂದೆ.

ಅವಳು ಕುಂಚ ಸುಣ್ಣಕ್ಕೆ ಅದ್ದಿದಳು.

"ಭಟ್ಟಿ ಮುಂದ ಕುಂತದ್ದು ಇದಕ್ಕೇನು? ಫ್ಯಾನು ಹಚ್ಚಿದ್ದು ಇದಕ್ಕೇನು? ಬಾಯಿ ಬಿಡು!"

"ನೀವೆಲ್ಲಾ ನಗಾಕ ಹತ್ತಿದ್ರಲ್ಲಕ್ಕಾ" ಅಂದಳು. ಉಸಿರು ಎಳೆದುಕೊಂಡು ಮುಂದುವರಿಸಿದಳು. "ಭಾವ ಚಪ್ಪಾಳಿ ತಟ್ಟಿದ್ರು. ಮತ್ತ ಬಂದೈತಿ ಅಂತ ಯಾವ ಬಾಯಿಲೆ ಹೇಳ್ಲಿ? ಮತ್ತ ಒಲಿ ಆರಸ್ತೀರಿ. ನನ್ನ ಕುತಿಗಿಗೆ ತೂತು ಹಾಕಸ್ತೀರಿ." ಆಮೇಲೆ ಸಣ್ಣಗೆ ಕೇಳಿದಳು, "ಇವತ್ತು ಅಮಾಸಿ ಅಲ್ಲೇನು, ನಾಳಿ ಹೋಗೂಣ?"

ನನ್ನ ಮೈ ಉರಿದು ಹೋಯಿತು. ಹೊಡೆಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು. ಕೈ ತುಂಬ ಸುಣ್ಣ. "ಅಮಾಸಿಗೆ ಬೆಂಕಿ ಬೀಳ್ಲಿ. ಚಪ್ಪಲಿ ಮೆಟ್ಕೋ" ಅಂದೆ.

ಫೋನು ಮಾಡಿದ ಕೂಡಲೇ ಮೈದುನ ಮಂಡಕ್ಕಿ ಹಾಕುವ ಗೂಡ್ಸ್ ಗಾಡಿ ತಂದ. ಮುಂದಿನ ಸೀಟಿನಲ್ಲಿ ಅವನು, ತಂಗಿ, ನಾನು ಒತ್ತಿಕೊಂಡು ಕೂತೆವು. ಹರಪನಹಳ್ಳಿ ದಾಟುವಷ್ಟರಲ್ಲಿ ಸದ್ದು ದೊಡ್ಡದಾಗಿತ್ತು. ಹೆದರಿಕೆಗೆ ಉಸಿರು ಜೋರಾಗುತ್ತದೆ, ಜೋರಾದಷ್ಟೂ ದಾರಿ ಸಾಲುವುದಿಲ್ಲ. ಅವಳ ಕುತ್ತಿಗೆಯ ಗುಳಿ ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿತ್ತು. ಮೈದುನ ಧೈರ್ಯಕ್ಕೆ ಅಂತ ಹಾಡು ಹಚ್ಚಿದ. "ಬಂದ್ ಮಾಡೋ ಅದನ್ನ!" ಅಂತ ಕಿರುಚಿದೆ. ಅವಳ ಸದ್ದು ನನಗೆ ಕೇಳಬೇಕಾಗಿತ್ತು. ಅದು ಕೇಳುವ ತನಕ ಅವಳು ಇದ್ದಾಳೆ. ದಿನಾ ಲಿಂಗಪೂಜೆಗೆ ಕೂತು ಯಾವ ಸದ್ದು ನಿಲ್ಲಲಿ ಅಂತ ಬೇಡಿದ್ದೆನೋ, ಅದೇ ಸದ್ದು ನಿಲ್ಲದಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡೆ. ನನ್ನ ಉಸಿರಾದರೂ ಕೊಡೋಣವೆಂದರೆ ಅದು ಕೊಡುವಂಥದ್ದಲ್ಲ. ಅವಳ ಬೆನ್ನು ಸವರುತ್ತ ಕೂತೆ, ಅವಳ ರವಿಕೆಯ ತುಂಬ ನನ್ನ ಕೈಯ ಸುಣ್ಣ.

ಮತ್ತೆ ಅದೇ ಬಾಗಿಲು, ಅದೇ ಬೆಂಚು, ಅದೇ ಲೇಸರು, ಬಲೂನು. ಕುತ್ತಿಗೆಗೆ ತೂತು ಬೇಕಾಗಲಿಲ್ಲ. ಹೀಗೇ ಬರುತ್ತಿದ್ದರೆ ದೊಡ್ಡ ಆಪರೇಷನ್ ಒಂದಿದೆ, ಕೆಟ್ಟ ಭಾಗವನ್ನೇ ಕತ್ತರಿಸಿ ತೆಗೆದು ಜೋಡಿಸುತ್ತಾರೆ, ಆದರೆ ಧ್ವನಿ ದಪ್ಪಗಾಗಿ ಹಾಗೇ ಉಳಿಯಬಹುದು ಅಂದರು. ತಂಗಿ ಈಗಲೇ ಬೇಡ ಅಂದಳು. ಧ್ವನಿ ದಪ್ಪಗಾದರೆ ಗಂಡಸರನ್ನು ಇನ್ನೂ ಚೆನ್ನಾಗಿ ಅಣಕಿಸಬಹುದಲ್ಲ ಅಂತ ಅವಳೇ ಅಂದಳು. ಯಾರೂ ನಗಲಿಲ್ಲ.

ಅವತ್ತಿನಿಂದ ನಮ್ಮ ಅಮಾವಾಸ್ಯೆಯ ಪೂಜೆಗೆ ಇನ್ನೊಂದು ಸೇರಿದೆ. ಕಾಯಿ ಒಡೆದ ಮೇಲೆ ಫ್ಯಾನು ನಿಲ್ಲಿಸುತ್ತೇವೆ, ಬೀದಿ ಬಾಗಿಲು ಮುಚ್ಚುತ್ತೇವೆ. ಸುಣ್ಣ ಬಳಿದ ಒಲೆಯ ಪಕ್ಕ ತಂಗಿ ನಿಲ್ಲುತ್ತಾಳೆ. ಬಾಯಿ ತೆಗೆದು ಉಸಿರು ಎಳೆಯುತ್ತಾಳೆ. ಅಷ್ಟು ಗದ್ದಲದ ಮನೆಯಲ್ಲಿ ಒಬ್ಬರೂ ಉಸಿರೆತ್ತುವುದಿಲ್ಲ. ಅಣ್ಣತಮ್ಮಂದಿರ ಕಿವಿ ನಂಬುವ ಹಾಗಿಲ್ಲ, ಅವರು ನನ್ನ ಮುಖ ನೋಡುತ್ತಾರೆ. ಸದ್ದಿಲ್ಲ ಅಂತ ನಾನು ತಲೆ ಆಡಿಸಿದರೆ ಎಲ್ಲರೂ ಒಮ್ಮೆಲೇ ಮಾತಾಡಲು ಶುರು ಮಾಡುತ್ತಾರೆ. ಕಾಯಿಚೂರು, ಬೆಲ್ಲ ಹಂಚುತ್ತೇವೆ. ಮುಂದಿನ ಅಮಾವಾಸ್ಯೆಯ ತನಕ ಬದುಕು.

ಮೊನ್ನೆಯ ಅಮಾವಾಸ್ಯೆಗೂ ಹಾಗೇ ನಿಂತಳು. ಹಸಿರು ಸೀರೆ ಉಟ್ಟಿದ್ದಳು, ಮುಡಿ ತುಂಬ ಸೇವಂತಿಗೆ. ಎಳೆದಳು. ಅಷ್ಟರಲ್ಲಿ ಬೀದಿಯಲ್ಲಿ ಟ್ರ್ಯಾಕ್ಟರ್ ಹೋಯಿತು. "ಇನ್ನೊಮ್ಮಿ" ಅಂದೆ. ಅದು ದೂರ ಹೋಗುವ ತನಕ ಕಾದು ಇನ್ನೊಮ್ಮೆ ಎಳೆದಳು. ಈ ಸಲ ಕಣ್ಣು ಮುಚ್ಚಿಕೊಂಡು, ಹಡಗಲಿಯವನ ಹಾಗೆ, ನನ್ನನ್ನು ನಗಿಸಲು. ನಮ್ಮ ಮನೆಯವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮೈದುನನ ಕೈಯಲ್ಲಿ ಬೆಲ್ಲದ ತಟ್ಟೆ ಇತ್ತು.

"ಇನ್ನೊಮ್ಮಿ" ಅಂದೆ. ನನ್ನ ಕಿವಿ ಸುಳ್ಳಾಗಲಿ ಅಂತ.

ಅವಳು ಕಣ್ಣು ತೆರೆದು ನನ್ನನ್ನು ನೋಡಿದಳು. ಮತ್ತೆ ಎಳೆಯಲಿಲ್ಲ.

"ಚಪ್ಪಲಿ ಮೆಟ್ಕೋ" ಅಂದೆ.